ಕುದಿನೀರು ಹೊಯ್ದ ಪುದೀನ

ನಾನು ಓದಿದ್ದು ಎರಡನೇ ಜಮಾತಿನವರೆಗೆ, ಅದೂ ಉರ್ದುವಿನಲ್ಲಿ. ಕನ್ನಡ ಬರೆಯಲು ಕಲಿತದ್ದು ಮೊಮ್ಮಗಳ ಪಾಟಿಯ ಮೇಲೆ. ಅಕ್ಕನಿಗೆ ಹೇಳದೆ ಉಳಿಸಿಕೊಂಡ ಮಾತನ್ನು ಈಗ ಬರೆಯುತ್ತಿದ್ದೇನೆ.

ಭಾಲ್ಕಿಯಲ್ಲಿ ನಮ್ಮ ಮನೆಗೂ, ತಾಯಿಯ ತಂಗಿಯನ್ನು ಕರೆದಂತೆ ನಾವು ಖಾಲಾ ಎನ್ನುತ್ತಿದ್ದ ಪಕ್ಕದಾಕೆಯ ಮನೆಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಅವರು ಮುಸಲ್ಮಾನರು, ನಾವು ಲಿಂಗ ಕಟ್ಟಿದವರು. ಅವರು ಮಾಡಿದ ಅಡುಗೆ ನಾವು ಉಣ್ಣುತ್ತಿರಲಿಲ್ಲ. ಹಸಿ ಸೊಪ್ಪಿಗೆ ಮಾತ್ರ ಮೈಲಿಗೆ ಇರಲಿಲ್ಲ. ಅಕ್ಕನ ಪುದೀನಕ್ಕೆ ಬೇರು ಕೊಟ್ಟವಳು ಖಾಲಾನೇ. ಗೋಡೆಯ ಬುಡಕ್ಕೆ, ಒಡೆದ ಕೊಡದ ತಳದಲ್ಲಿ ನೆಟ್ಟು, ಬೇಳೆ ತೊಳೆದ ನೀರು ಹಾಕಿ ಅಕ್ಕ ಅದನ್ನು ಬೆಳೆಸಿದ್ದಳು. ಚಟ್ನಿಗೋ ಚಹಾಕ್ಕೋ ಚಿವುಟಿದಾಗಲೆಲ್ಲ ಒಂದು ಹಿಡಿ ಗೋಡೆಯ ಮೇಲಿಡುವಳು.

“ನನ್ನ ಪುದೀನಾ ನನಗೇ ಕೊಡ್ತಿ ಏನ್ ಬೇಟಿ?”

“ಬೇರಷ್ಟೇ ನಿಮ್ಮದ್ರಿ ಖಾಲಾ. ಎಲಿ ನನ್ನವು.”

ನಿಜಾಮನ ರಾಜ್ಯಕ್ಕೆ ಹಿಂದುಸ್ತಾನದ ಫೌಜು ಬಂದ ಪೊಲೀಸ್ ಆ್ಯಕ್ಷನ್ ಆದಮೇಲೆ ಮುಸಲ್ಮಾನರ ಮನೆಗಳ ಮೇಲೆ ಜನ ಬಿದ್ದರು; ಖಾಲಾ ಅಂಗಳದ ಪುದೀನದ ಕುಂಡಗಳೆಲ್ಲ ಒಡೆದು ಬಿದ್ದವು. ಹೊರಗೆ ಹೋದ ಆಕೆಯ ಗಂಡ ಮರಳಲಿಲ್ಲ. ಆಗಲೇ ಅಕ್ಕ ಚಿಕ್ಕಮ್ಮನ ಬಾಣಂತನಕ್ಕೆಂದು ಹಲಬರ್ಗಾಕ್ಕೆ ಹೊರಟಳು. “ಗಿಡ ಒಣಗಿಸಬ್ಯಾಡ. ಖಾಲಾ ಕೇಳೂದ್ರೊಳಗ ಕೊಟ್ಟಿರು,” ಎಂದು ಹೇಳಿ ಹೋದಳು.

ನಾನು ಕೊಡಲಿಲ್ಲ. ಮೂರನೆಯ ದಿನ ಖಾಲಾನೇ ಗೋಡೆಗೆ ಬಂದಳು.

“ಮಗಳಿಗಿ ನೀರು ಸೈತ ಹೊಟ್ಟ್ಯಾಗ ನಿಲ್ಲವಲ್ದು. ನಾಕು ಎಲಿ ಕೊಡು ಬೇಟಿ, ಚಾ ಮಾಡ್ತೀನಿ.”

ಎದುರು ಮನೆಯ ಕಟ್ಟೆಯಿಂದ ಮುದುಕಿ ನೋಡುತ್ತಿದ್ದಳು. ಅಂದು ಮುಂಜಾನೆಯಷ್ಟೇ ಆಕೆ, “ನಿಮ್ಮಕ್ಕಗ ಊರಾಗ ಅಕಿ ಒಬ್ಬಾಕೇ ಗೆಳತಿ ಏನು? ನಾಳಿ ಹೆಣ್ಣು ನೋಡ್ಲಾಕ ಯಾರು ಬರ್ತಾರೋ ನೋಡಮು,” ಎಂದು ಚುಚ್ಚಿದ್ದಳು.

“ಒಣಗ್ಯಾದ್ರಿ ಖಾಲಾ,” ಎಂದೆ.

ಗಿಡ ನನ್ನ ಕಾಲ ಬಳಿ ಹಸಿರಾಗಿತ್ತು. ಆಚೆಗೆ ಕಾಣುತ್ತಿರಲಿಲ್ಲ, ಆದರೆ ವಾಸನೆಗೆ ಗೋಡೆ ಅಡ್ಡವೇ? “ಇರ್ಲಿ ಬಿಡು,” ಎಂದು ಆಕೆ ಒಳಗೆ ಹೋದಳು.

ಸುಳ್ಳು ಬಯಲಾದೀತೆಂದು ಹೆದರಿ, ಒಲೆಯ ಮೇಲೆ ಕುದಿಯುತ್ತಿದ್ದ ನೀರು ತಂದು ಬೇರಿಗೆ ಹೊಯ್ದೆ. ಅಂಗಳದ ತುಂಬ ಪುದೀನ ಚಹಾದ ಪರಿಮಳ ಎದ್ದಿತು. ಆಚೆ ಹುಡುಗಿ ಓಕರಿಸುವುದು ಕೇಳುತ್ತಿತ್ತು.

ಅಕ್ಕ ಬರುವಷ್ಟರಲ್ಲಿ ಖಾಲಾ ಮನೆಗೆ ಬೀಗ ಬಿದ್ದಿತ್ತು. ಮಗಳನ್ನು ಕಟ್ಟಿಕೊಂಡು ಬೀದರಿನ ತವರಿಗೆ ಹೋದಳೆಂದರು. ಆ ಹುಡುಗಿ ಬದುಕಿದಳೋ ಇಲ್ಲವೋ, ನಮಗೆ ತಿಳಿಯಲೇ ಇಲ್ಲ. ಅಕ್ಕ ಕಪ್ಪಾದ ಕಡ್ಡಿಗಳನ್ನು ಮುಟ್ಟಿ ನೋಡಿದಳು.

“ಖಾಲಾಗ ಕೊಟ್ಟಿದ್ದಿ ಇಲ್ಲೋ?”

“ಕೊಟ್ಟಿದ್ದೆ. ಆಮ್ಯಾಗ ಬಿಸಿಲಿಗಿ ಹೋಯ್ತು.”

ಮುಂದೆ ಅಕ್ಕನನ್ನು ಔರಾದಿಗೆ ಕೊಟ್ಟರು. ಅಲ್ಲಿಯೂ ಪುದೀನ ಬೆಳೆಸಿದಳು. ನಾನು ಹೋದಾಗಲೆಲ್ಲ ಚಹಾ ಸೋಸುತ್ತ, “ಹೋಗೂ ಮುಂದ ಖಾಲಾ ಕೈಗಿ ನಮ್ಮ ಎಲಿ ಹತ್ತಿದ್ವಲ್ಲ, ಅಷ್ಟೇ ಸಮಾಧಾನ,” ಎನ್ನುತ್ತಿದ್ದಳು. ಸಾಯುವವರೆಗೂ ಅದನ್ನೇ ಹೇಳಿದಳು. ನಾನು ಹೂಂ ಎನ್ನುತ್ತ ಆ ಚಹಾ ಕುಡಿಯುತ್ತಿದ್ದೆ.