ಬೈಂಡರಣ್ಣ ಸಾಕಿದ ರದ್ದಿ

ಕಾಜಾ ಅಕ್ಕ ಬೈಂಡರಣ್ಣನನ್ನು ಮೊದಲು ನೋಡಿದ್ದು ಟೈಲರ್ ಅಂಗಡಿಯ ಅಳತೆ ಪುಸ್ತಕದ ಬೆನ್ನು ಕಿತ್ತುಹೋದ ದಿನ. ಆ ಅಂಗಡಿಯಲ್ಲಿ ಅವಳದು ಕಾಜಾ ಹೊಲಿಯುವ, ಗುಂಡಿ ಹಚ್ಚುವ ಕೆಲಸ. ಗಂಡ ತೀರಿಕೊಂಡ ಮರುತಿಂಗಳು ಹಿಡಿದ ಸೂಜಿ. ಹೆಸರೂ ಅದರಿಂದಲೇ ಬಂತು. "ಹಿಂದಿನ ಬೀದೀಲಿ ಬೈಂಡರ್ ಒಬ್ಬರಿದಾರೆ, ಹೊಲಿಸ್ಕೊಂಡು ಬನ್ನಿ ಅಕ್ಕ" ಎಂದು ಟೈಲರ್ ಪುಸ್ತಕವನ್ನು ಅವಳ ಕೈಗೆ ತುರುಕಿದ.

ಬೀದಿಯಿಂದ ಮೂರು ಮೆಟ್ಟಿಲು ಕೆಳಗಿಳಿದರೆ ಉದ್ದನೆಯ ಒಂದು ಕೋಣೆ. ಒಂದು ಗೋಡೆಗೆ ರಟ್ಟಿನ ಹಾಳೆಗಳು, ಇನ್ನೊಂದಕ್ಕೆ ಕಚೇರಿಗಳ ರಿಜಿಸ್ಟರುಗಳು, ನಡುವೆ ಕಬ್ಬಿಣದ ಒತ್ತುಯಂತ್ರ. ಅವಳು ಪುಸ್ತಕವನ್ನು ಒಂದು ಕಟ್ಟಿನ ಮೇಲೆ ಇಡಲು ಹೋದಳು.

"ಅಲ್ಲಿ ಬೇಡ, ಸಾಹೇಬರು ಮಲಗಿದಾರೆ," ಎಂದರು ಒಳಗೆ ಕೂತಿದ್ದ ಬೈಂಡರಣ್ಣ.

ನೋಡಿದರೆ ಬೂದಿ ಬಣ್ಣದ ಬೆಕ್ಕು. ಒಂದು ಕಿವಿ ಹರಿದಿತ್ತು. ಅವಳನ್ನು ಒಮ್ಮೆ ನೋಡಿ, ಇದೇನು ದೊಡ್ಡ ಗಿರಾಕಿಯಲ್ಲ ಎಂಬಂತೆ ಕಣ್ಣು ಮುಚ್ಚಿತು.

"ಹತ್ತು ವರ್ಷ ಇದಕ್ಕೆ. ರದ್ದಿ ಮೂಟೆ ಬಿಚ್ಚಿದಾಗ ಒಳಗಿತ್ತು. ತೂಕದಲ್ಲಿ ಬಂದ ಮಾಲು, ವಾಪಸ್ ಕೊಡೋ ಹಾಗಿಲ್ಲ. ರದ್ದಿ ಅಂತಾನೇ ಕರೀತೀನಿ. ನಾಳೆ ಸಂಜೆ ಬನ್ನಿ ಅಕ್ಕ."

"ಅಕ್ಕ ಅಂತೀರಲ್ಲ, ನಾನು ನಿಮಗಿಂತ ಚಿಕ್ಕೋಳು."

"ಇರಬಹುದು. ನನಗಿಂತ ದೊಡ್ಡೋರು ಯಾರೂ ಉಳಿದಿಲ್ಲ. ಒಬ್ಬರಾದರೂ ಅಕ್ಕ ಅಂತ ಇರಲಿ ಬಿಡಿ."

ಅಂದಿನಿಂದ ಕೆಲಸ ಮುಗಿಸಿ ಮನೆಗೆ ಹೋಗುವಾಗ ಅವಳು ಆ ಮೂರು ಮೆಟ್ಟಿಲು ಇಳಿದು ಒಂದು ಗಳಿಗೆ ಕೂರುವುದು ರೂಢಿಯಾಯಿತು. ಹನ್ನೆರಡನೇ ವಯಸ್ಸಿಗೆ ಅಪ್ಪನ ಪಕ್ಕ ಕೂತು ಹಾಳೆ ಮಡಚಲು ಕಲಿತವರು ಬೈಂಡರಣ್ಣ. ಮದುವೆ ಆಗಲಿಲ್ಲ. ತಂಗಿಯೊಬ್ಬಳಿದ್ದಳು, ತೀರಿಹೋದಳು, ಅವಳ ಮಗಳು ಬೇರೆ ಊರಿನಲ್ಲಿದ್ದಳು. ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ, ಕತ್ತರಿಸುವ ಯಂತ್ರಕ್ಕೆ ಹೋಗಿತ್ತು. ಇಷ್ಟು ಪುಸ್ತಕ ಹೊಲಿದಿದ್ದೀರಿ, ಒಂದಾದರೂ ಓದಿದ್ದೀರಾ ಎಂದು ಅವಳು ಕೇಳಿದ್ದಕ್ಕೆ, "ಇಷ್ಟು ಅಂಗಿಗೆ ಗುಂಡಿ ಹಚ್ಚಿದೀರಿ, ಒಂದಾದರೂ ಹಾಕ್ಕೊಂಡ್ರಾ?" ಎಂದಿದ್ದರು.

ಅಂಟನ್ನು ಅವರೇ ಕಾಯಿಸುತ್ತಿದ್ದರು. ಮೈದಾ, ನೀರು, ಕೊನೆಯಲ್ಲಿ ಒಂದು ಚಿಟಿಕೆ ಮೈಲುತುತ್ತದ ಪುಡಿ. ಆ ನೀಲಿ ಪುಡಿ ಬಿದ್ದರೆ ಪುಸ್ತಕಕ್ಕೆ ಹುಳ ಹಿಡಿಯದು. ರಟ್ಟಿಗೆ ಅಂಟು ಬಳಿದು ಕೈ ಕೆಳಗಿಳಿಸಿದರೆ ಸಾಕು, ರದ್ದಿ ಬಂದು ಬೆರಳು ನೆಕ್ಕುತ್ತಿತ್ತು. ದಿನಕ್ಕೆ ಒಂದು ಬೆರಳು, ಹೆಚ್ಚಿಲ್ಲ.

ಹೀಗೆ ಒಂಬತ್ತು ವರ್ಷ ಕಳೆಯಿತು.

ಹತ್ತೊಂಬತ್ತನೇ ವಯಸ್ಸಿಗೆ ರದ್ದಿ ನೀರಿನ ಬಟ್ಟಲು ಬಿಟ್ಟು ಏಳದಾಯಿತು. ಕುಡಿದದ್ದೇ ಕುಡಿದದ್ದು, ಕುಡಿದಷ್ಟನ್ನೂ ಕೂತಲ್ಲೇ ಬಿಡುತ್ತಿತ್ತು. ಬಾಯಲ್ಲಿ ಹುಣ್ಣು, ಉಸಿರಿಗೆ ಕೆಟ್ಟ ವಾಸನೆ. ಬೆನ್ನು ಸವರಿದರೆ ಮೂಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಪ್ರಾಣಿಗಳ ಡಾಕ್ಟರು ರಕ್ತ ನೋಡಿ, ಎರಡೂ ಕಿಡ್ನಿ ಹೋಗಿವೆ, ದಿನ ಬಿಟ್ಟು ದಿನ ಚರ್ಮದ ಕೆಳಗೆ ಸಲೈನ್ ಕೊಟ್ಟರೆ ಒಂದಷ್ಟು ದಿನ ತಳ್ಳಬಹುದು ಎಂದರು.

ಬೈಂಡರಣ್ಣ ಸೂಜಿ ಹಿಡಿದರು. ಎರಡು ಸಲ ತಮ್ಮ ಬೆರಳಿಗೇ ಚುಚ್ಚಿಕೊಂಡರು. ಮೂರನೆಯ ಸಲ ಸೂಜಿ ಕೆಳಗಿಟ್ಟು ಅವಳ ಮುಖ ನೋಡಿದರು.

"ನಾನು ಬಟ್ಟೆಗೆ ಚುಚ್ಚೋಳು ಅಣ್ಣ."

"ಇದೂ ಒಂದು ಹಳೇ ಕೋಟು ಅಂದ್ಕೊಳ್ಳಿ."

ಅವಳು ಕಲಿತಳು. ಸಲೈನ್ ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಡಬೇಕು. ಮಣಿಕಟ್ಟಿಗೆ ಒತ್ತಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಗೋಡೆಯ ಮೊಳೆಗೆ ತೂಗುಹಾಕಬೇಕು. ಎರಡು ಭುಜದ ನಡುವಿನ ಚರ್ಮವನ್ನು ಎಡಗೈಯಲ್ಲಿ ಎತ್ತಿ, ಅದರ ಬುಡಕ್ಕೆ ಸೂಜಿಯನ್ನು ಓರೆಯಾಗಿ ಬಿಡಬೇಕು. ಒಳಹೋಗುವಾಗ ದಪ್ಪ ಬಟ್ಟೆ ತೂತಾದಂತೆ ಸಣ್ಣ ಸದ್ದು. ಬಾಟಲಿ ಮೇಲಿನ ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ, ಅಂಕಿ ಗೊತ್ತು. ನೀರು ಒಂದು ನೂರು ಇಳಿಯುವವರೆಗೆ ಅವಳ ಕಣ್ಣು ಅಂಕಿಯ ಮೇಲೆ, ಬೈಂಡರಣ್ಣನ ಕಣ್ಣು ಅವಳ ಕೈಮೇಲೆ.

ನಾಲ್ಕನೇ ವಾರ ಬಾಟಲಿ ತರಲು ಅವಳು ಹೊರಟಾಗ ಬೈಂಡರಣ್ಣ ಬಾಗಿಲವರೆಗೆ ಬಂದರು.

"ಅಕ್ಕಾ, ಡಾಕ್ಟರನ್ನ ಒಂದು ಮಾತು ಕೇಳ್ಕೊಂಡು ಬನ್ನಿ. ನನ್ನ ಅಂಟಿನಿಂದ ಏನಾದ್ರೂ ಆಯ್ತಾ ಅಂತ. ನೀಲಿ ಇರುತ್ತಲ್ಲ ಅದರಲ್ಲಿ."

"ನೀವೇ ಬನ್ನಿ, ಕೇಳೋಣ."

"ನನ್ನ ಕೈಲಾಗಲ್ಲ. ಅದೇನು ಹೇಳ್ತಾರೋ ಬಂದು ಹೇಳಿ, ಸಾಕು."

ಡಾಕ್ಟರು ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು. "ಎಷ್ಟು ವರ್ಷದಿಂದ ನೆಕ್ಕುತ್ತಿದೆ?"

"ಮರಿಯಿದ್ದಾಗಿನಿಂದ."

"ಅದು ವಿಷ ಕಣಮ್ಮ. ಆಗಿರಬಹುದು. ಅದರಿಂದಲೇ ಅಂತ ಖಚಿತವಾಗಿ ಹೇಳೋಕೆ ಬರಲ್ಲ, ವಯಸ್ಸೂ ಆಗಿದೆ. ಇನ್ನು ಮೇಲೆ ಮಾತ್ರ ಒಂದು ತೊಟ್ಟೂ ಬೇಡ."

ದಾರಿಯುದ್ದಕ್ಕೂ ಅವಳು ಆ ಮಾತನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಡಚಿದಳು, ಬಿಚ್ಚಿದಳು. ಮೆಟ್ಟಿಲು ಇಳಿದಾಗ ಬೈಂಡರಣ್ಣ ಎದ್ದು ನಿಂತಿದ್ದರು. ಎರಡು ದಿನದಿಂದ ಊಟ ಬಿಟ್ಟ ಮುಖ.

"ಇಲ್ವಂತೆ ಅಣ್ಣ. ವಯಸ್ಸು ಅಂದ್ರು," ಎಂದಳು.

ಅವರು ಕೂತುಬಿಟ್ಟರು. ಆಮೇಲೆ ಡಬ್ಬಿ ತೆಗೆದು, ಅವಳೆದುರಿಗೇ, ಗಬಗಬನೆ ತಿಂದರು. ಒಳ್ಳೆಯದೇ ಮಾಡಿದೆ ಅಂದುಕೊಂಡಳು ಅವಳು. ಹೇಗೂ ಬೆಕ್ಕು ಏನನ್ನೂ ಮುಟ್ಟುತ್ತಿಲ್ಲ, ಅಂಟು ಯಾವ ಲೆಕ್ಕ ಅಂದುಕೊಂಡಳು.

ಆ ಸಮಾಧಾನ ಐದೇ ದಿನ. ಆರನೆಯ ದಿನ ಅವಳು ಬಂದಾಗ ಬೈಂಡರಣ್ಣ ಬೆಕ್ಕು ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿಗೆ ನಗುತ್ತಿದ್ದರು.

"ಅಕ್ಕಾ, ಬನ್ನಿ ಬನ್ನಿ! ಸಾಹೇಬರು ಊಟ ಮಾಡ್ತಿದಾರೆ. ಹಾಲು ಬೇಡ, ಮೀನು ಬೇಡ. ನನ್ನ ಅಂಟು ಬೇಕಂತೆ! ಮೂರು ದಿನದಿಂದ ನೆಕ್ತಾ ಇದೆ, ನಿಮಗೆ ಹೇಳಿರಲಿಲ್ಲ, ದೃಷ್ಟಿ ಆದೀತು ಅಂತ."

ರದ್ದಿ ಅವರ ತೊಡೆಯ ಮೇಲಿತ್ತು. ಅವರು ಅಂಟಿನ ಪಾತ್ರೆಯಲ್ಲಿ ಎರಡು ಬೆರಳು ಅದ್ದಿ ತೆಗೆದರು.

ಅವಳ ಕೈಯಿಂದ ಚೀಲ ಬಿತ್ತು. ಓಡಿ ಬಂದು ಅವರ ಮಣಿಕಟ್ಟು ಹಿಡಿದುಕೊಂಡಳು. ಅಂಟು ಅವಳ ಸೆರಗಿಗೆಲ್ಲ ಮೆತ್ತಿತು.

"ಬೇಡ ಅಣ್ಣ. ನೀಲಿ ಇದೆ ಅದರಲ್ಲಿ."

"ಇದ್ರೇನು? ಡಾಕ್ಟರೇ ಇಲ್ಲ ಅಂದಿದಾರಲ್ಲ."

ನಿಜ ಹೇಳಲು ಇದ್ದ ಗಳಿಗೆ ಅದೊಂದೇ. "ನೀಲಿ ಹಾಕದೆ ಕಾಯಿಸಿ ಕೊಡಿ. ಹುಣ್ಣಿಗೆ ಉರಿಯುತ್ತೆ ಪಾಪ" ಎಂದಳು.

ಬೈಂಡರಣ್ಣ ಅವಳ ಕೈಯನ್ನು ನೋಡಿದರು, ಮುಖವನ್ನು ನೋಡಿದರು. ಒಲೆ ಹಚ್ಚಿ ಬರೀ ಮೈದಾ ಕಾಯಿಸಿದರು. ಅದನ್ನು ಬೆಕ್ಕು ಮೂಸಿ ಮುಖ ತಿರುಗಿಸಿತು.

ಮತ್ತೆ ಅದು ಏನನ್ನೂ ತಿನ್ನಲಿಲ್ಲ. ಡಾಕ್ಟರು ಮಲಗಿಸಿಬಿಡುವ ಇಂಜೆಕ್ಷನ್ ಇದೆ ಎಂದರು. "ನನ್ನ ಕೈಯಿಂದ ಆಗಿದ್ದು ಸಾಕು" ಎಂದು ಬೈಂಡರಣ್ಣ ತಲೆಯಾಡಿಸಿದರು. ಅವರು ಯಾವುದನ್ನು ಹೇಳುತ್ತಿದ್ದಾರೆಂದು ಡಾಕ್ಟರು ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಒಂಬತ್ತು ದಿನ ಎಳೆಯಿತು. ಕೊನೆಯ ಮಧ್ಯಾಹ್ನ ಅವಳು ಕೊಟ್ಟ ನೀರು ಒಳಗೆ ಹರಡಲಿಲ್ಲ. ಭುಜದ ಮೇಲೆ ಗಂಟಿನಂತೆ ನಿಂತು, ಸೂಜಿ ತೆಗೆದ ತೂತಿನಿಂದ ಹನಿಹನಿಯಾಗಿ ಹೊರಗೆ ಬಂತು. ಅವಳು ಹತ್ತಿ ಒತ್ತಿ ಹಿಡಿದೇ ಇದ್ದಳು. ರದ್ದಿ ಎರಡು ಸಲ ಒರಟಾಗಿ ಕೂಗಿತು, ಅಂಥ ಕೂಗನ್ನು ಅದರ ಬಾಯಲ್ಲಿ ಇಬ್ಬರೂ ಕೇಳಿರಲಿಲ್ಲ. ಕಾಲು ನೀಡಿತು. ಮುಗಿಯಿತು. ಬೈಂಡರಣ್ಣ ಅದನ್ನು ಒಂದು ಹೊಸ ರಟ್ಟಿನ ಹಾಳೆಯ ಮೇಲೆ ಮಲಗಿಸಿ, ಹಿತ್ತಲಿಗೆ ಒಯ್ದು, ತಾವೇ ಅಗೆದರು. ಗುದ್ದಲಿಯನ್ನು ಅವಳಿಗೆ ಕೊಡಲಿಲ್ಲ.

ಅದೇ ತಿಂಗಳು ಅವರು ಕೆಲಸ ನಿಲ್ಲಿಸಿದರು. ಒತ್ತುಯಂತ್ರವನ್ನು ಯಾರೋ ನಾಲ್ವರು ಹೊತ್ತುಕೊಂಡು ಹೋದರು. ತಂಗಿಯ ಮಗಳು ಕರೆದುಕೊಂಡು ಹೋಗಲು ಬಂದಳು. ಅಲ್ಲಿಗೆ ಹೋಗಿ ನಾಲ್ಕು ತಿಂಗಳಿಗೆ ಬೈಂಡರಣ್ಣ ತೀರಿಕೊಂಡರೆಂದು ಆಮೇಲೆ ಕಾಗದ ಬಂತು. ಟೈಲರ್ ಓದಿ ಹೇಳಿದ. ಹಾಗಾಗಿ ಹೊರಟ ದಿನ ಆಡಿದ ಮಾತೇ ಅವಳ ಪಾಲಿಗೆ ಅವರ ಕೊನೆಯ ಮಾತು.

ಆ ದಿನ ತಂಗಿಯ ಮಗಳು ಮೇಲೆ ಬೀದಿಯಲ್ಲಿ ಗಾಡಿ ನಿಲ್ಲಿಸಿಕೊಂಡು, "ಮಾವ, ಹೊತ್ತಾಯ್ತು" ಎಂದು ಎರಡು ಸಲ ಕೂಗಿದ್ದಳು. ಕೋಣೆ ಖಾಲಿ. ನೆಲದ ಮೇಲೆ ಯಂತ್ರವಿದ್ದ ಜಾಗದಲ್ಲಿ ಮಾತ್ರ ಬೆಳ್ಳಗಿನ ಚೌಕ. ಬೈಂಡರಣ್ಣ ಒಂದು ಮೆಟ್ಟಿಲು ಹತ್ತಿದರು, ಎರಡನೆಯದನ್ನು ಹತ್ತಲಿಲ್ಲ. ಕೆಳಗೆ ನಿಂತಿದ್ದ ಅವಳ ಕಡೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, ಅಳತೆ ಕೇಳುವವರ ಹಾಗೆ ಕೇಳಿದರು:

"ಅವತ್ತು ಓಡಿ ಬಂದು ನನ್ನ ಕೈ ಹಿಡ್ಕೊಂಡ್ರಲ್ಲ ಅಕ್ಕ, ಅದಕ್ಕೆ ಮುಂಚೇನೇ ನಿಮಗೆ ಗೊತ್ತಿತ್ತಾ?"