ಬೀದಿಗೆಲ್ಲ ಹೊರಗಿನಿಂದ ಚಿಲಕ

ಕಾಗೆಗಳು ಇನ್ನೂ ಬಾಯಿ ಬಿಟ್ಟಿಲ್ಲ. ಬೀದಿದೀಪಗಳು ಉರಿಯುತ್ತಲೇ ಇವೆ. ಮೂಲೆಮನೆಯ ಮುಂದೆ ಸಣಕಲು ಆಳೊಬ್ಬರು ನಿಂತು, ತೋರುಬೆರಳನ್ನು ಬಾಗಿಲಿಗೆ ಆನಿಸಿ ಮೆಲ್ಲಗೆ ತಳ್ಳುತ್ತಿದ್ದಾರೆ. ಹೊಸಬರು ನೋಡಿದರೆ ‘ಕಳ್ಳ ಕಳ್ಳ’ ಎಂದು ಬೊಬ್ಬೆ ಹಾಕುವುದು ಖಂಡಿತ. ಬಾಗಿಲು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಜಾಣ ಹುಡುಗನ ಬೆನ್ನು ತಟ್ಟುವಂತೆ ಅವರು ಬಾಗಿಲನ್ನೊಮ್ಮೆ ತಟ್ಟಿ ಪಕ್ಕದ ಮನೆಗೆ ಹೋಗುತ್ತಾರೆ.

ಪಕ್ಕದ್ದು ಬಟ್ಟೆ ಹೊಲಿಯುವ ಅಕ್ಕನ ಮನೆ. ಬೆರಳು ತಾಗಿದ್ದೇ ತಡ, ಬಾಗಿಲು ಹಿಂದಕ್ಕೆ ಸರಿಯುತ್ತದೆ. ಅವರು ಒಳಗೆ ಇಣುಕುವುದಿಲ್ಲ. ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು, ಬೆಲ್ ಮೇಲೆ ಇಟ್ಟ ಹೆಬ್ಬೆರಳನ್ನು ತೆಗೆಯದೆ ನಿಲ್ಲುತ್ತಾರೆ.

“ಬಂದೆ ಅಣ್ಣ, ಬಂದೆ! ಬೆಲ್ ಮೇಲಿಂದ ಕೈ ತೆಗೀರಿ, ಪುಣ್ಯ ಬರುತ್ತೆ,” ಒಳಗಿನಿಂದ ಕೂಗು. “ಹಾಲು ತಗೊಂಡು ಹಾಗೇ ಒಂದು ಗಳಿಗೆ ಅಡ್ಡಾದೆ, ಅಷ್ಟೆ.”

“ಆ ಒಂದು ಗಳಿಗೇನೇ ಅಕ್ಕ ಕಳ್ಳ ಕಾಯೋದು. ಚಿಲಕ ಹಾಕಿ. ಸದ್ದು ಕೇಳಿದ್ಮೇಲೇ ನಾನು ಹೋಗೋದು.”

ಒಳಗೆ ‘ಟಕ್’ ಎನ್ನುತ್ತದೆ. ಅದರ ಬೆನ್ನಿಗೇ ಒಂದು ಬೈಗುಳವೂ ಬರುತ್ತದೆ. ಎರಡನ್ನೂ ಸಮಾಧಾನದಿಂದ ಕೇಳಿಸಿಕೊಂಡು ಅವರು ಮುಂದೆ ಸಾಗುತ್ತಾರೆ. ಬೀದಿಯವರ ಬಾಯಲ್ಲಿ ಅವರ ಹೆಸರು ಚಿಲಕಣ್ಣ.

ಚಿಲಕಣ್ಣನ ಕಸುಬು ಬೀಗ ರಿಪೇರಿ, ಕೀಲಿಕೈ ಮಾಡುವುದು. ಅವರ ಅಂಗಡಿ ಬಟ್ಟೆ ಮಳಿಗೆಯೊಂದರ ಮೆಟ್ಟಿಲ ಕೆಳಗಿನ ಗೂಡು. ಗಿರಾಕಿ ಒಳಗೆ ಬರಬೇಕಾದರೆ ಮಾಲೀಕರು ಹೊರಗೆ ಹೋಗಬೇಕು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿಕೈ. ಸಾಣೆಯ ಚಕ್ರ ತಿರುಗಿದರೆ ಕಬ್ಬಿಣದ ಪುಡಿ ಹಾರಿ ಬುತ್ತಿಯ ಡಬ್ಬಿಯ ಮೇಲೆ ಕೂರುತ್ತದೆ. “ನಾನು ಗಟ್ಟಿ ಆಳು. ದಿನಾ ಕಬ್ಬಿಣ ತಿಂತೀನಲ್ಲ,” ಎಂದು ನಗುತ್ತಾರೆ. ಅಪ್ಪನಿಂದ ಬಂದ ಕಸುಬು ಇದು. ಕಸುಬಿನ ಜೊತೆಗೆ ಬಂದ ಬಳುವಳಿ ಇನ್ನೊಂದಿದೆ, ಅದು ಅನುಮಾನ.

“ಸುತ್ತಮುತ್ತ ಎಲ್ಲಿ ಕಳ್ಳತನ ಆದ್ರೂ ಪೊಲೀಸ್ರು ಮೊದ್ಲು ಬರೋದು ನನ್ನ ಹತ್ರ. ಅಡುಗೆಮನೇಲಿ ಪಾತ್ರೆ ಬಿದ್ರೆ ಮೊದ್ಲು ಬೆಕ್ಕಿಗೆ ಬೈತಾರಲ್ಲ, ಹಾಗೆ,” ಎನ್ನುತ್ತಾರೆ ಚಿಲಕಣ್ಣ. ಅವರ ಹೆಂಡತಿಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. “ಒಂದ್ಸಲ ಸೈಕಲ್ ಕಳುವಾಗಿದ್ದಕ್ಕೂ ಇವ್ರನ್ನೇ ಕರ್ಕೊಂಡು ಹೋದ್ರು. ಇವ್ರಿಗೆ ಸೈಕಲ್ ಹೊಡೆಯೋಕೇ ಬರಲ್ಲ. ತಳ್ಳಿಕೊಂಡು ಹೋಗಿದಾರೆ ಅಂದ್ಕೊಂಡ್ರೋ ಏನೋ!”

ಪ್ರತಿ ಸಲವೂ ಸಂಜೆಯೊಳಗೆ ಮನೆಗೆ ಕಳಿಸುತ್ತಿದ್ದರು, ಒಂದು ಸಲವೂ ತಪ್ಪು ಇವರದ್ದಾಗಿರಲಿಲ್ಲ. ಆದರೆ ಅದರಿಂದ ಏನೂ ಬದಲಾಗಲಿಲ್ಲ. “ಕರ್ಕೊಂಡು ಹೋಗೋದನ್ನ ಬೀದಿಯೆಲ್ಲ ನೋಡುತ್ತೆ. ಬಿಟ್ಟು ಕಳಿಸಿದ್ದನ್ನ ಯಾರು ನೋಡ್ತಾರೆ?” ಎಂದು ಕೇಳುವಾಗ ಮಾತ್ರ ಚಿಲಕಣ್ಣನ ಮುಖದಲ್ಲಿ ನಗು ಇರುವುದಿಲ್ಲ. ನರ್ಸಿಂಗ್ ಓದುತ್ತಿರುವ ಮಗಳಿದ್ದಾಳೆ. ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಅವಳು ತಲೆ ತಗ್ಗಿಸಬಾರದು ಎಂಬುದೊಂದೇ ಅವರ ಆಸೆಯಾಗಿತ್ತು.

ಹೀಗಿರುವಾಗ ಠಾಣೆಯವರು ಒಂದು ಯೋಜನೆ ತಂದರು. ಬೀದಿಯ ಸುರಕ್ಷತೆ ಪೊಲೀಸರದ್ದಷ್ಟೇ ಅಲ್ಲ, ನಾಗರಿಕರೂ ಕೈಜೋಡಿಸಬೇಕು, ಬೀದಿಗೊಬ್ಬ ಸ್ವಯಂಸೇವಕ ಬೆಳಗಿನ ಜಾವ ಒಂದು ಸುತ್ತು ಹಾಕಬೇಕು. ಹಾಲು ತೆಗೆದುಕೊಂಡವರು ಬಾಗಿಲು ಹಾಕದೆ ಮತ್ತೆ ಮಲಗುವ ಹೊತ್ತು ಅದು, ಕಳ್ಳರಿಗೆ ಸುಗ್ಗಿ. ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಅಧ್ಯಕ್ಷತೆಯಲ್ಲಿ ಅವರದೇ ಜಗಲಿಯಲ್ಲಿ ಬೀದಿಯ ಸಭೆ ಸೇರಿತು. ಯೋಜನೆ ಬಹಳ ಒಳ್ಳೆಯದು ಎಂದು ಎಲ್ಲರೂ ತಲೆದೂಗಿದರು. ಸುತ್ತು ಹಾಕುವವರು ಯಾರು ಎಂದಾಗ ಒಬ್ಬರಿಗೆ ಮಂಡಿನೋವು ಬಂತು, ಇನ್ನೊಬ್ಬರಿಗೆ ಬಿಪಿ ಏರಿತು, ಮತ್ತೊಬ್ಬರು ತಮ್ಮ ನಾಯಿಗೆ ತಾವಿಲ್ಲದೆ ನಿದ್ದೆ ಬರುವುದಿಲ್ಲ ಎಂದರು. ಆಗ ಹಿಂದಿನ ಸಾಲಿನಿಂದ ಚಿಲಕಣ್ಣ ಎದ್ದು, “ನಾನು ಹೋಗ್ತೀನಿ” ಎಂದರು.

ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. “ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ ಆಗಲ್ವಾ?” ಎಂದರು ಮೇಷ್ಟ್ರು, ಪಕ್ಕದವರಿಗೆ ಮಾತ್ರ ಕೇಳಿಸಲಿ ಎಂದು. ಜೀವಮಾನವಿಡೀ ತರಗತಿಯ ಕೊನೆಯ ಬೆಂಚಿಗೆ ಮಾತಾಡಿದ ಗಂಟಲು, ಎಲ್ಲರಿಗೂ ಕೇಳಿಸಿತು. ಆದರೆ ಬೇರೆ ಯಾರೂ ಸಿಗದೆ ಠಾಣೆಯವರು ಒಪ್ಪಿದರು, ಅದೂ ಪರೀಕ್ಷಾರ್ಥವಾಗಿ. ಮೇಲಧಿಕಾರಿ ಮೇಡಂ ಒಂದು ದಿನ ಬಂದು ನೋಡುತ್ತಾರೆ, ಅವರಿಗೆ ಸರಿ ಕಾಣದಿದ್ದರೆ ಜಾಕೆಟ್ ವಾಪಸ್. ಆ ಹಸಿರು ಜಾಕೆಟ್ಟನ್ನು ಯಾವ ಭೀಮನ ಅಳತೆಗೆ ಹೊಲಿದಿದ್ದರೋ! ಬೆನ್ನ ಮೇಲೆ ಇರಬೇಕಾದ ‘ನಾಗರಿಕ ಕಾವಲು’ ಎಂಬ ಅಕ್ಷರಗಳು ಚಿಲಕಣ್ಣ ಕುಳಿತರೆ ಅಡಿಗೆ ಸಿಕ್ಕಿಕೊಳ್ಳುತ್ತಿದ್ದವು.

ಬೆಲ್ ಒತ್ತುವ ಪದ್ಧತಿ ಆಗ ಇರಲಿಲ್ಲ. ತೆರೆದ ಬಾಗಿಲು ಸಿಕ್ಕಿದರೆ ಚಿಲಕಣ್ಣ ಅದನ್ನು ಎಳೆದು ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದರು. ಎದ್ದವರು ಬಾಗಿಲು ಎಳೆದು, ಗುದ್ದಿ, ಕೊನೆಗೆ ಕಿಟಕಿಯಲ್ಲಿ ಮುಖವಿಟ್ಟು “ಚಿಲಕಣ್ಣಾ!” ಎಂದು ಕೂಗಬೇಕು. ಸುತ್ತು ಮುಗಿಸಿ ಬರುವಾಗ ಅವರು ತೆಗೆಯುತ್ತಿದ್ದರು. ಹೆಸರು ಬಿದ್ದದ್ದೇ ಹೀಗೆ. ಕಿಟಕಿಯಲ್ಲಿ ನಿಂತವರನ್ನು ನೋಡಿ ಎದುರುಮನೆಯವರು ನಗುವುದು, ಮರುದಿನ ಎದುರುಮನೆಯವರೇ ಕಿಟಕಿಯಲ್ಲಿ ನಿಲ್ಲುವುದು. ಹಜಾರದಿಂದ ಮೊಬೈಲು, ಕೈಚೀಲ ಮಾಯವಾಗುವುದಂತೂ ನಿಂತಿತು. ಅದನ್ನು ಒಪ್ಪಿಕೊಳ್ಳಲು ಮಾತ್ರ ಯಾರಿಗೂ ಬಾಯಿ ಬರಲಿಲ್ಲ.

ಮೇಲಧಿಕಾರಿ ಬರುವ ದಿನ ಬಂತು. ಸೂರ್ಯ ಹುಟ್ಟುವ ಹೊತ್ತಿಗೆ ಎಲ್ಲರೂ ಬೀದಿಯ ಕೊನೆಯಲ್ಲಿ ಸೇರಬೇಕು ಎಂದು ಮೇಷ್ಟ್ರ ಅಪ್ಪಣೆಯಾಗಿತ್ತು. ಎಂದೂ ಇಲ್ಲದಂತೆ ಬೀದಿಗೆ ಬೀದಿಯೇ ಬೇಗ ಎದ್ದಿತು. ಹಾಲು ತೆಗೆದುಕೊಂಡರು, ಹೇಗೂ ಇನ್ನೊಂದು ಚೂರು ಹೊತ್ತಿಗೆ ಹೊರಡುವುದೇ ತಾನೆ ಎಂದು ಬಾಗಿಲು ಹಾಗೆಯೇ ಬಿಟ್ಟು, ಸ್ನಾನಕ್ಕೆ, ಇಸ್ತ್ರಿಗೆ, ಜಡೆಗೆ ಒಳಗೆ ಹೋದರು. ಇತ್ತ ಚಿಲಕಣ್ಣ ಎಂದಿನಂತೆ ಸುತ್ತು ಹಾಕಲು ಹೊರಟರು. ಮೊದಲ ಬಾಗಿಲು ತೆರೆದಿತ್ತು, ಚಿಲಕ. ಎರಡನೆಯದೂ ತೆರೆದಿತ್ತು, ಚಿಲಕ. ಮೂರನೆಯದೂ ಹಾಗೇ. “ಇವತ್ತೇ ಹೀಗೆ ಮಾಡ್ತಾರಲ್ಲ ಅಂತ ನನಗೆ ಸಿಟ್ಟೇ ಬಂತು. ಮೇಡಂ ಬಂದು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಒಂದೂ ಬಿಡದೆ ಹಾಕ್ಕೊಂಡು ಹೋದೆ,” ಎಂದು ಅವರು ಈಗಲೂ ಗಂಭೀರವಾಗಿಯೇ ಹೇಳುತ್ತಾರೆ.

ಬೀದಿಯ ಕೊನೆಯಲ್ಲಿ ಮೇಡಂ ಜೀಪಿನಿಂದ ಇಳಿದರು. ಜೊತೆಗೆ ದಪ್ಪ ಮೀಸೆಯ ಪೇದೆ, ಚಿಲಕಣ್ಣನನ್ನು ಪ್ರತಿ ಸಲ ಠಾಣೆಗೆ ಕರೆದೊಯ್ಯುತ್ತಿದ್ದವರು ಅವರೇ. ಸಾಲಾಗಿ ಖಾಲಿ ಕುರ್ಚಿಗಳು, ಅವುಗಳ ಮುಂದೆ ಮೊಣಕಾಲು ಮುಟ್ಟುವ ಜಾಕೆಟ್ಟಿನಲ್ಲಿ ಒಬ್ಬರೇ ಒಬ್ಬರು ಸೆಲ್ಯೂಟ್ ಹೊಡೆದು ನಿಂತಿದ್ದರು.

“ಬೀದಿಯವರೆಲ್ಲ ಎಲ್ಲಿ?” ಮೇಡಂ ಕೇಳಿದರು.

“ಮನೇಲಿ ಭದ್ರವಾಗಿದಾರೆ ಮೇಡಂ. ನಾನೇ ಹೊರಗಿಂದ ಚಿಲಕ ಹಾಕಿ ಬಂದೆ.”

ಅಷ್ಟರಲ್ಲಿ ಬೀದಿಯುದ್ದಕ್ಕೂ ಕಿಟಕಿಗಳು ತೆರೆದುಕೊಂಡವು. “ಚಿಲಕಣ್ಣಾ!” “ಏ ಚಿಲಕಣ್ಣಾ, ಹಾಳಾಗಿ ಹೋಗ್ಲಿ, ತೆಗಿ!” ಅರ್ಧ ಜಡೆ ಹಾಕಿಕೊಂಡವರು, ಒಂದೇ ಕೆನ್ನೆ ಬೋಳಿಸಿಕೊಂಡವರು. ಮೇಷ್ಟ್ರು ಗರಿಗರಿ ಅಂಗಿ ತೊಟ್ಟು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಸೊಂಟದ ಕೆಳಗೆ ಏನು ತೊಟ್ಟಿದ್ದರೋ, ಗೋಡೆ ಮಾನ ಕಾಪಾಡಿತು.

ಮೇಡಂ ಪೇದೆಯ ಕಡೆ ತಿರುಗಿ, “ಯಾರ್ರೀ ಇವರು?” ಎಂದರು.

“ಬೀಗ ರಿಪೇರಿಯವನು ಮೇಡಂ. ಇಲ್ಲಿ ಎಲ್ಲಿ ಕಳ್ಳತನ ಆದ್ರೂ ನಾವು ಮೊದ್ಲು ವಿಚಾರಿಸೋದು ಇವನನ್ನೇ.”

ಚಿಲಕಣ್ಣನ ಕೈ ತಾನಾಗಿ ಜಾಕೆಟ್ಟಿನ ಗುಂಡಿಗೆ ಹೋಯಿತು. “ಬಿಚ್ಚಿ ಕೊಟ್ಟುಬಿಡೋಣ ಅಂದ್ಕೊಂಡೆ. ಕೇಳೋ ಮುಂಚೆ ಕೊಟ್ರೆ ಸ್ವಲ್ಪನಾದ್ರೂ ಮಾನ ಉಳಿಯುತ್ತೆ ಅಂತ,” ಎಂದು ನೆನೆಯುತ್ತಾರೆ. ಪೇದೆ ಅಷ್ಟರಲ್ಲಿ ಮೇಷ್ಟ್ರ ಬಾಗಿಲಿಗೆ ಓಡಿ ಚಿಲಕಕ್ಕೆ ಕೈ ಹಾಕಿದ್ದರು.

“ನೀವು ಮುಟ್ಬೇಡಿ!” ಎಂದಿತು ಕೊನೆಯ ಬೆಂಚಿನವರೆಗೂ ಕೇಳಿಸುವ ಆ ಗಂಟಲು. “ಮೇಡಂ, ಇಷ್ಟು ದಿನ ನಮ್ಮ ಬಾಗಿಲೆಲ್ಲ ಇವನ ಮುಂದೆ ಬಾಯಿ ಬಿಟ್ಕೊಂಡು ಬಿದ್ದಿದ್ವು. ಒಂದಿನ ಹೊಸಲು ದಾಟಿದವನಲ್ಲ. ಬೈಯೋದಿದ್ರೆ ಬಾಗಿಲು ತೆಗೆದಿಟ್ಟ ನಮ್ಮನ್ನ ಬೈರಿ. ಚಿಲಕ ಅವನೇ ಹಾಕಿದ್ದು, ಅವನೇ ತೆಗೀಲಿ.”

“ಹೌದು, ಅಣ್ಣನೇ ತೆಗೀಲಿ,” ಎಂದರು ಬಟ್ಟೆ ಹೊಲಿಯುವ ಅಕ್ಕ. “ಬೇಗ ತೆಗೀಲಿ, ನಾನು ಕಿಟಕೀಲಿ ನಿಂತಿದೀನಿ, ಒಲೆ ಮೇಲೆ ಹಾಲಿದೆ.”

ಮೇಡಂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಜೀಪಿಗೆ ಒರಗಿ ನಕ್ಕರು. ಚಿಲಕಣ್ಣ ಒಂದೊಂದೇ ಚಿಲಕ ತೆಗೆಯುತ್ತ ಬಂದರು. ಕಣ್ಣು ಮಂಜಾಗಿ ಒಂದೆರಡು ಚಿಲಕ ಕೈಗೆ ಸಿಗಲೇ ಇಲ್ಲವಂತೆ. ನಗು ಮುಗಿದ ಮೇಲೆ ಮೇಡಂ ಗದರಿದರು: ಒಳಗೆ ಬೆಂಕಿ ಹತ್ತಿಕೊಂಡರೆ ಗತಿಯೇನು? ಇನ್ನು ಹೊರಗಿನ ಚಿಲಕ ಕೂಡದು, ಎಬ್ಬಿಸಿ ಒಳಗಿನಿಂದಲೇ ಹಾಕಿಸಬೇಕು. “ಮತ್ತೆ ಜಾಕೆಟ್ಟು?” ಎಂದು ಚಿಲಕಣ್ಣ ಕೇಳಿದರು. “ಅದನ್ನ ಬದಲಾಯಿಸ್ಬೇಕು. ನಿಮ್ಮ ಅಳತೆದು ಕಳಿಸ್ತೀನಿ,” ಎಂದರು ಮೇಡಂ. ಅದು ಇನ್ನೂ ಬಂದಿಲ್ಲ. ಇರುವುದನ್ನೇ ಬಟ್ಟೆ ಹೊಲಿಯುವ ಅಕ್ಕ ಕತ್ತರಿಸಿ, ಮಡಿಸಿ ಹೊಲಿದು ಕೊಟ್ಟಿದ್ದಾರೆ. ಕತ್ತರಿಸಿದ ತುಂಡಿನಲ್ಲಿ ಅವರ ಹೊಲಿಗೆ ಯಂತ್ರಕ್ಕೊಂದು ಹೊದಿಕೆಯೂ ಆಗಿದೆ.

ಸುತ್ತು ಮುಗಿಯುವಾಗ ಬೆಳಕಾಗಿರುತ್ತದೆ. ಮನೆಗೆ ಬಂದು ಜಾಕೆಟ್ ಬಿಚ್ಚಿ ಮೊಳೆಗೆ ನೇತುಹಾಕಿ, ಚಿಲಕಣ್ಣ ಚಹಾ ಲೋಟ ಹಿಡಿದು ಕೂರುತ್ತಾರೆ. ಹಿಂದಿನ ಬೀದಿಯಲ್ಲಿ ಮೊನ್ನೆ ಕಳ್ಳತನವಾಯಿತಂತೆ. ಪೊಲೀಸರು ಈಗಲೂ ಮೊದಲು ಬರುವುದು ಇಲ್ಲಿಗೇನಾ ಎಂದು ಕೇಳಿದರೆ ಹೌದೆಂದು ತಲೆಯಾಡಿಸುತ್ತಾರೆ.

“ಅದೇ ಮೀಸೆಯವ್ರೇ ಬಂದಿದ್ರು. ಬೀದಿಯಲ್ಲಿ ಹೊಸಬ್ರು ಯಾರಾದ್ರೂ ಓಡಾಡಿದ್ದು ಕಣ್ಣಿಗೆ ಬಿತ್ತಾ ಅಂತ ಕೇಳಿದ್ರು. ಕೂತ್ಕೊಂಡು ಚಹಾ ಕುಡಿದು ಹೋದ್ರು.” ಲೋಟ ಕೆಳಗಿಡುತ್ತಾರೆ. “ಮುಂಚೆ ಅವ್ರು ಬಂದ್ರೆ ನನ್ನ ಮಗಳು ಓಡಿಹೋಗಿ ಬಾಗಿಲು ಹಾಕ್ತಿದ್ಲು, ಅಕ್ಕಪಕ್ಕದವ್ರು ನೋಡ್ಬಾರ್ದು ಅಂತ. ಮೊನ್ನೆ ಅವ್ರು ಎದ್ದು ಹೋಗೋವರೆಗೂ ಬಾಗಿಲು ಪೂರ್ತಿ ತೆಗೆದೇ ಇಟ್ಟಿದ್ಲು. ನಾನೂ ಹಾಕು ಅನ್ನಲಿಲ್ಲ.”