ಚಾಪೆಗೆ ಇಳಿದ ನಮ್ಮತ್ತೆ

ನಮ್ಮತ್ತೆ ರೂತಮ್ಮ ನಗುವಾಗ ಬಾಯಿ ತೆರೆಯುತ್ತಿರಲಿಲ್ಲ, ಅವರ ಕಿವಿ ಅಲ್ಲಾಡುತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ತೂಕದ ಓಲೆ ಹಾಕಿ ಹಾಕಿ ಕಿವಿಯ ಹಾಲೆಗಳು ಜೋತುಬಿದ್ದಿದ್ದವು. ಕ್ರಿಸ್ತನವರ ಮನೆಗೆ ಒಡವೆ ಸಲ್ಲದೆಂದು ಯಾರೋ ದೊರೆಸಾನಿ ಹೇಳಿದ ಮೇಲೆ ಓಲೆ ಹೋದವು, ಹಾಲೆ ಉಳಿದವು. ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು ನಾನು. ನುಡಿಸುತ್ತಲೇ ಮೊದಲ ಬೆಂಚಿನ ಕಡೆ ಓರೆಗಣ್ಣು ಹಾಯಿಸುತ್ತಿದ್ದೆ. ಅತ್ತೆಯ ಮುಖ ಕಲ್ಲಿನಂತಿದ್ದು ಹಾಲೆ ಮಾತ್ರ ತೊನೆಯುತ್ತಿದ್ದರೆ, ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಎಷ್ಟೋ ಸಲ ಆ ಎಡವಟ್ಟು ಅವರದೇ ಕೆಲಸವಾಗಿರುತ್ತಿತ್ತು. ನಮ್ಮ ಕಡೆ ಪಾದ್ರಿಯನ್ನು ಅಯ್ಯರು ಎನ್ನುತ್ತಿದ್ದರು. ಒಂದು ದಿನ ಅಯ್ಯರ ಉಪದೇಶ ಬಹಳ ಉದ್ದವಾಯಿತು. ಅವರು ಉಸಿರು ತೆಗೆದುಕೊಳ್ಳಲು ನಿಂತ ಜಾಗದಲ್ಲಿ ಅತ್ತೆ ಗಟ್ಟಿಯಾಗಿ "ಆಮೆನ್" ಎಂದುಬಿಟ್ಟರು. ಸಭೆಯೆಲ್ಲ ಆಮೆನ್ ಎಂದು ಎದ್ದು ನಿಂತಿತು. ನಾನು ಕೀರ್ತನೆ ನುಡಿಸಲೇಬೇಕಾಯಿತು. ಆಮೇಲೆ ಅಯ್ಯರು ಕೇಳಿದರೆ ಅತ್ತೆಯ ಉತ್ತರ ಒಂದೇ: "ನಂಗೇನ್ ತಿಳೀತದೆ, ಅಯ್ಯರೇ? ಮುಗೀತೇನೋ ಅಂದ್ಕೊಂಡೆ." ಅವರು "ನಂಗೇನ್ ತಿಳೀತದೆ" ಎಂದರೆ ಮನೆಯವರೆಲ್ಲ ಹೆದರುತ್ತಿದ್ದೆವು.

ಕೊಯಮತ್ತೂರಿನ ಆಚೆ, ಕುರಿಚಿಯ ಕೆರೆಯ ಹತ್ತಿರ ನಮ್ಮ ನೇಕಾರರ ಬೀದಿ. ಕೊಳ್ಳೇಗಾಲದ ಕಡೆಯಿಂದ ಬಂದು ನೆಲೆಸಿದ ಕೆಲವು ಮನೆಗಳವರು ಸೇರಿ ಕಟ್ಟಿದ್ದು ಆ ಚಿಕ್ಕ ಚರ್ಚು. ಆರಾಧನೆ ಕನ್ನಡದಲ್ಲಿ, ಆರಾಧನೆಯ ನಂತರದ ಜಗಳ ತಮಿಳಿನಲ್ಲಿ. ಹಳೆಯ ಮನೆಗಳವರಿಗೆ ಬೆಂಚು, ಉಳಿದವರಿಗೆ ಹಿಂದೆ ಚಾಪೆ. ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವ ಕರ್ತನ ಭೋಜನಕ್ಕೂ ಒಂದು ಕ್ರಮವಿತ್ತು. ಅದನ್ನು ಹಾಕಿದವರು ಅತ್ತೆಯ ಮಾವ. ಮೊದಲ ಮನೆಯ ಹಿರಿಯ ಹೆಂಗಸು ಎದ್ದು ಮುಂದೆ ಹೋಗಬೇಕು, ಆಮೇಲೆ ಆಕೆಯ ಪಕ್ಕದವರು, ಆಮೇಲೆ ಅವರ ಪಕ್ಕದವರು. ಆ ಹಿರಿಯ ಹೆಂಗಸು ಏಳುವವರೆಗೆ ಬೇರೆ ಯಾರೂ ಏಳುವಂತಿರಲಿಲ್ಲ.

ನೀಲಗಿರಿಯ ಪೈಕಾರದಿಂದ ಕರೆಂಟು ಬಂದ ಮೇಲೆ ನಮ್ಮ ಸುತ್ತ ನೂಲಿನ ಮಿಲ್ಲುಗಳೆದ್ದವು. ಹಳ್ಳಿಗಳಿಂದ ಕೆಲಸಕ್ಕೆ ಬಂದವರಲ್ಲಿ ಕೆಲವರು ನಮ್ಮ ಚರ್ಚಿಗೂ ಬಂದರು. ಎಲ್ಲರೂ ತಮಿಳರು, ಹೆಚ್ಚಿನವರು ಊರಾಚೆ ಅಸ್ಪೃಶ್ಯರಿಗೆಂದಿದ್ದ ಚೇರಿಯಲ್ಲಿ ಹುಟ್ಟಿದವರು. ತಲೆಯಲ್ಲಿ ಹತ್ತಿಯ ಎಳೆಗಳನ್ನು ಹೊತ್ತುಕೊಂಡೇ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಸಭಾ ಹಿರಿಯರು ಸೇರಿ, ಇವರಿಗೆ ದ್ರಾಕ್ಷಾರಸಕ್ಕೆ ಬೇರೆ ಬಟ್ಟಲು ತರಿಸುವುದೆಂದು ತೀರ್ಮಾನಿಸಿದರು. ಮಿಲ್ಲಿನ ಧೂಳಿಗೆ ಕೆಮ್ಮು ಬರುತ್ತದೆ, ಆರೋಗ್ಯದ ದೃಷ್ಟಿಯಿಂದ ಹೀಗೆ ಎಂದು ಕಾರಣ ಕೊಟ್ಟರು. ಹಿರಿಯರಲ್ಲಿ ಮುಖ್ಯರು ನಮ್ಮ ಯಜಮಾನರು, ಅಂದರೆ ಅತ್ತೆಯ ಒಬ್ಬನೇ ಮಗ.

ಸುದ್ದಿ ಮುತ್ತಮ್ಮಾಳಿಗೂ ಮುಟ್ಟಿತು. ಮಿಲ್ಲಿನ ಹೆಂಗಸರಲ್ಲಿ ನಮ್ಮ ಮನೆಯ ಜಗಲಿಯವರೆಗೆ ಬರುತ್ತಿದ್ದವಳು ಅವಳೊಬ್ಬಳೇ. ಅವಳ ಕೂಸಿಗೆ ದೀಕ್ಷಾಸ್ನಾನ ಮಾಡಿಸುವುದಿತ್ತು. ಅಂದು ಅವಳು ಕೂರಲೂ ಇಲ್ಲ. "ಬಟ್ಟಲು ಬೇರೆ ಅಂದ್ರೆ ಸಾಮೀನೂ ಬೇರೇನಾ, ಪಾಟಿ?" ಎಂದು ತಮಿಳಿನಲ್ಲಿ ಕೇಳಿದಳು. ಪಾಟಿ ಎಂದರೆ ಅಜ್ಜಿ. "ಈ ಭಾನುವಾರ ಬಂದು ನೋಡ್ತೀವಿ. ಅದೇ ಆದ್ರೆ ನಾವ್ಯಾರೂ ಇನ್ನು ಬರಲ್ಲ. ಕೂಸಿಗೆ ಸ್ನಾನವೂ ಬೇಡ."

ಅತ್ತೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಅಂಗಳಕ್ಕೆ ಉಗಿದರು. "ನಂಗೇನ್ ತಿಳೀತದೆ, ಕಣ್ಣು," ಎಂದರು, ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ. "ಭಾನುವಾರ ನಿನ್ ಪಕ್ಕ ನಂಗೊಂದ್ ಜಾಗ ಇಡು."

ಆ ಭಾನುವಾರ ಹೊಸ ಬಟ್ಟಲು ಬಿಳಿ ಬಟ್ಟೆಯ ಕೆಳಗೆ ಸಿದ್ಧವಾಗಿತ್ತು. ಮೊದಲ ಕೀರ್ತನೆ ನಡೆಯುತ್ತಿರುವಾಗಲೇ ಅತ್ತೆ ತೊಡೆ ಕೆರೆದುಕೊಳ್ಳತೊಡಗಿದರು. ಆಮೇಲೆ ಬೆನ್ನು. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ಅಯ್ಯೋ ಕರ್ತನೇ, ಬೆಂಚಿನ ತುಂಬ ತಿಗಣೆ!" ಎಂದರು. ಮೊದಲ ಬೆಂಚಿನವರು ಒಬ್ಬೊಬ್ಬರಾಗಿ ಮಿಸುಕಿದರು. ಎರಡನೆಯ ಬೆಂಚಿನವರು ಬಹಿರಂಗವಾಗಿಯೇ ಕೆರೆದುಕೊಂಡರು. ಹಿಂದಿನ ದಿನ ಆ ಬೆಂಚುಗಳಿಗೆ ಸೀಮೆಎಣ್ಣೆ ಹಚ್ಚಿ ಒರೆಸಿದ್ದವಳು ನಾನೇ. ಒಂದು ತಿಗಣೆಯೂ ಇರಲಿಲ್ಲ. ಅತ್ತೆ ಸೆರಗು ಕೊಡವಿಕೊಂಡು ಹಿಂದಕ್ಕೆ ಹೋಗಿ ಮುತ್ತಮ್ಮಾಳ ಪಕ್ಕ ಚಾಪೆಯ ಮೇಲೆ ಕುಳಿತರು.

ಭೋಜನದ ಹೊತ್ತಾಯಿತು. ಅಯ್ಯರು ಹಳೆಯ ಬಟ್ಟಲು ಹಿಡಿದು ಮೊದಲ ಬೆಂಚಿನ ಕಡೆ ನೋಡಿದರು. ಅಲ್ಲಿ ಅತ್ತೆ ಇಲ್ಲ. ಬೆಂಚಿನವರೂ ಏಳುವಂತಿಲ್ಲ. ಅತ್ತೆ ಹಿಂದಿನಿಂದ, "ಮಂಡಿ ಹಿಡ್ಕೊಂಡದೆ, ಕೈ ಕೊಡವ್ವ," ಎಂದು ಮುತ್ತಮ್ಮಾಳ ಕೈ ಹಿಡಿದುಕೊಂಡೇ ಎದ್ದರು. ಇಬ್ಬರೂ ಮುಂದಿನ ಕಟಕಟೆಯವರೆಗೆ ಬಂದು ಮೊಣಕಾಲೂರಿದರು. ಅತ್ತೆ ಕುಡಿದರು. ಅಯ್ಯರ ಕೈ ಬಿಳಿ ಬಟ್ಟೆಯ ಕಡೆ ಹೊರಟಿತು.

"ಪಕ್ಕದೋರು ಅಂತಲ್ವಾ, ಅಯ್ಯರೇ, ನಮ್ ಮಾವ ಹಾಕಿದ ಸಟ್ಟ?" ಎಂದರು ಅತ್ತೆ. ಸಟ್ಟವೆಂದರೆ ಕಾನೂನು. ಅವರು ಮೆಲ್ಲಗೇ ಹೇಳಿದರು, ಆದರೆ ಚರ್ಚು ಚಿಕ್ಕದು. "ಪಕ್ಕದೋಳು ಕಾಯ್ತಾವ್ಳೆ."

ಅಯ್ಯರು ಹಿರಿಯರ ಕಡೆ ನೋಡಿದರು. ಹಿರಿಯರು ಸೂರಿನ ಕಡೆ ನೋಡಿದರು. ಅಯ್ಯರ ಕೈ ಹಿಂದಕ್ಕೆ ಬಂದು ಅದೇ ಬಟ್ಟಲನ್ನು ಮುತ್ತಮ್ಮಾಳ ತುಟಿಗೆ ಹಿಡಿಯಿತು. ನಾನು ಒಂದು ಸ್ವರ ತಪ್ಪು ಒತ್ತಿದೆ. ಚಾಪೆ ಮುಗಿದ ಮೇಲೆ ಬೆಂಚುಗಳ ಸರದಿ ಬಂತು. ನಮ್ಮ ಯಜಮಾನರು ಕಡೆಗೆ ಬಂದರು. ಕುಡಿಯುವಾಗ ಅವರು ಮುಖ ಓರೆ ಮಾಡಿದ್ದಕ್ಕೆ ಒಂದು ಹನಿ ಬಿಳಿ ಅಂಗಿಯ ಮೇಲೆ ಬಿತ್ತು. ಆ ಕಲೆ ಎಷ್ಟು ಒಗೆದರೂ ಹೋಗಲಿಲ್ಲ.

ಮನೆಗೆ ಬಂದ ಮೇಲೆ ಅವರು ಎಲೆಯ ಮುಂದೆ ಕೂರಲಿಲ್ಲ. "ಊರ ಮುಂದೆ ನನ್ನ ಮಾನ ಕಳೆದೆಯಲ್ಲವ್ವ!" ಎಂದರು.

"ನಿನ್ ತಾತ ಹಾಕಿದ ಸಟ್ಟ ಕಣಪ್ಪ. ಮೀರೋಕೆ ನಾನ್ಯಾರು?"

"ತಿಗಣೆ ಎಲ್ಲಿತ್ತು?"

"ನಿಂಗೆ ಕಚ್ಚಲಿಲ್ವಾ? ಈಗ ಕಚ್ತಾ ಇರೋ ಹಂಗದೆ!"

ಕಿವಿಯ ಹಾಲೆ ಅಲ್ಲಾಡುತ್ತಿತ್ತು. ಆದರೆ ಯಾರೂ ಕೂರದ ಆ ಎಲೆಗೆ ಅತ್ತೆ ಅನ್ನ, ಸಾರು ಬಡಿಸಿಯೇ ಇಟ್ಟರು. ಮಗ ಮಳೆಗಾಲ ಕಳೆಯುವವರೆಗೆ ತಾಯಿಯೊಡನೆ ಮಾತಾಡಲಿಲ್ಲ. ಅತ್ತೆ ಪ್ರತಿದಿನ, "ಏನ್ ಕಣ್ಣು, ಉಂಡೆಯಾ?" ಎಂದು ಕೇಳುವುದನ್ನೂ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಲ್ಲುವುದನ್ನೂ ಬಿಡಲಿಲ್ಲ.

ಚಾಪೆಯನ್ನೂ ಬಿಡಲಿಲ್ಲ. ಮುತ್ತಮ್ಮಾಳ ಕೂಸಿಗೆ ದೀಕ್ಷಾಸ್ನಾನವಾಯಿತು. ಮಿಲ್ಲಿನ ಹೆಂಗಸರು ಚಪ್ಪಾಳೆ ತಟ್ಟಿ ಹಾಡಿದರೆ ತನಗೆ ಆರಾಧನೆಯಲ್ಲಿ ತೂಕಡಿಕೆ ಬರುವುದಿಲ್ಲವೆಂದು ಅತ್ತೆ ಅಯ್ಯರಿಗೆ ಹೇಳಿ ತಮಿಳು ಕೀರ್ತನೆಗಳನ್ನೂ ಸೇರಿಸಿದರು. ಹೊಸ ಬಟ್ಟಲು ಎಲ್ಲಿ ಹೋಯಿತೆಂದು ಹಿರಿಯರು ಕೇಳಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಅದರ ತುಂಬ ಹುಣಸೆಹಣ್ಣು ಇತ್ತು.

ಮೂರನೆಯ ವರ್ಷದ ಬೇಸಗೆಯಲ್ಲಿ ಜ್ವರ ಬಂದು ಅತ್ತೆ ತೀರಿಕೊಂಡರು. ಅದಾದ ಮೇಲಿನ ಮೊದಲ ಭೋಜನದ ಭಾನುವಾರ ಅಯ್ಯರು ಬಟ್ಟಲು ಎತ್ತಿ ಹಿಡಿದು ನಿಂತರು. ಯಾರೂ ಏಳಲಿಲ್ಲ. ಸಟ್ಟದ ಪ್ರಕಾರ ಈಗ ಏಳಬೇಕಾದವಳು ನಾನು, ಆದರೆ ಹಾರ್ಮೋನಿಯಂ ಬಿಟ್ಟು ಅತ್ತೆಯ ಜಾಗಕ್ಕೆ ಏಳಲು ನನಗೆ ಮನಸ್ಸಾಗಲಿಲ್ಲ. ಚಾಪೆಯವರು ಬೆಂಚಿನ ಕಡೆ ನೋಡಿದರು, ಬೆಂಚಿನವರು ಚಾಪೆಯ ಕಡೆ ನೋಡಿದರು. ನಾನು ಕೀರ್ತನೆಯನ್ನು ಕಡೆಯ ಚರಣದವರೆಗೆ ನುಡಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಕಣ್ಣು ಮಂಜಾಗಿ ಹಾರ್ಮೋನಿಯಂನ ಕರಿಬಿಳಿ ಮನೆಗಳು ಸರಿಯಾಗಿ ಕಾಣುತ್ತಿರಲಿಲ್ಲ. ಬೆರಳ ಅಂದಾಜಿನ ಮೇಲೆ ನುಡಿಸುತ್ತಿದ್ದೆ.

ಹಿಂದಿನಿಂದ ಮುತ್ತಮ್ಮಾಳ ದನಿ ಬಂತು. ಅತ್ತೆಯಿಂದ ಕಲಿತ ಕನ್ನಡ. "ಪಾಟಿ ಬರಾದಿಲ್ಲ, ಅಯ್ಯರೇ. ಕೈ ನೋಯಾದಿಲ್ವಾ ನಿಮಗೆ?"

ಮಗುವನ್ನು ಸೊಂಟಕ್ಕೇರಿಸಿಕೊಂಡು ಅವಳು ನಡೆದು ಬಂದಳು. ಮೊದಲ ಬೆಂಚಿನ ಹತ್ತಿರ ಬಂದಾಗ ನಮ್ಮ ಯಜಮಾನರು ಎದ್ದು ನಿಂತರು. ತಡೆಯಲು ಎದ್ದರೆಂದೇ ನಾನು ತಿಳಿದೆ. ಅವರು ಎರಡೂ ಕೈ ಚಾಚಿದರು.

"ಕೂಸನ್ನ ಇಲ್ಲಿ ಕೊಡವ್ವ. ಮೊಣಕಾಲೂರಬೇಕಲ್ಲ," ಎಂದರು.

ಮಗು ಅವರ ಮೀಸೆ ಹಿಡಿದು ಎಳೆಯಿತು. ನಾನು ಹಾರ್ಮೋನಿಯಂ ಮುಚ್ಚಿ ಎದ್ದೆ. ಮುತ್ತಮ್ಮಾಳ ಪಕ್ಕ ಇನ್ನೂ ಜಾಗವಿತ್ತು.